ಉಗ್ರಾಣ ನೋಡಿ ಒಲೆ ಹಚ್ಚುವ ಜೀವಕೋಶ

ಸುರೇಂದ್ರನಾಥ್ ಸೆಹಗಲ್ ಅವರ ಮನೆಯ ಫ್ರೀಜರಿನಲ್ಲಿ ಐಸ್‌ಕ್ರೀಮ್ ಪಕ್ಕದಲ್ಲೇ ಕೆಲವು ಸೀಸೆಗಳಿದ್ದವು. ಮೇಲಿನ ಚೀಟಿಯಲ್ಲಿ 'ತಿನ್ನಬೇಡಿ' ಎಂದು ಬರೆದಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ವಿಜ್ಞಾನ ಓದಿದ ಸೆಹಗಲ್, ಕೆನಡಾದ ಮಾಂಟ್ರಿಯಲ್‌ನಲ್ಲಿ ಔಷಧ ಕಂಪನಿಯೊಂದರ ಪ್ರಯೋಗಾಲಯ ಸೇರಿದ್ದರು. 1980ರ ದಶಕದ ಆರಂಭದಲ್ಲಿ ಆ ಪ್ರಯೋಗಾಲಯ ಮುಚ್ಚಿತು, ಅವರ ಸಂಶೋಧನೆ ನಿಂತಿತು. ವರ್ಷಗಟ್ಟಲೆ ಸಾಕಿದ ಬ್ಯಾಕ್ಟೀರಿಯಾವನ್ನು ಚೆಲ್ಲಿಬಿಡಲು ಮಾತ್ರ ಮನಸ್ಸು ಬರಲಿಲ್ಲ. ಕೊನೆಯದಾಗಿ ಒಂದಷ್ಟು ಬೆಳೆಸಿ ಮನೆಗೆ ಒಯ್ದರು. ಅಮೆರಿಕದ ಪ್ರಿನ್ಸ್‌ಟನ್‌ಗೆ ಮನೆ ಬದಲಿಸಿದಾಗಲೂ ಡ್ರೈ ಐಸ್‌ನಲ್ಲಿಟ್ಟು ಜೊತೆಗೇ ಸಾಗಿಸಿದರು.

ಆ ಬ್ಯಾಕ್ಟೀರಿಯಾ ಬಂದದ್ದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನಿಂದ. 1964ರ ಕೊನೆಯಲ್ಲಿ ಹೊರಟ ಕೆನಡಾದ ವೈದ್ಯಕೀಯ ತಂಡವೊಂದು ಆ ಮಣ್ಣು ತಂದಿತ್ತು. ಬ್ಯಾಕ್ಟೀರಿಯಾ ಸ್ರವಿಸುವ ಒಂದು ರಾಸಾಯನಿಕ ಶಿಲೀಂಧ್ರಗಳ ಬೆಳವಣಿಗೆ ತಡೆಯುವುದನ್ನು ಸೆಹಗಲ್ ಮತ್ತು ಸಂಗಡಿಗರು ಕಂಡರು. ದ್ವೀಪದವರು ತಮ್ಮ ನೆಲವನ್ನು ರಾಪಾ ನೂಯಿ ಎನ್ನುತ್ತಾರೆ. ಆ ರಾಸಾಯನಿಕಕ್ಕೆ ರಾಪಾಮೈಸಿನ್ ಎಂದು ಹೆಸರಾಯಿತು.

ಕೋಶದೊಳಗೆ ಅದು ಹಿಡಿಯುವುದಾದರೂ ಯಾವುದನ್ನು? ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಸೆಫ್ ಹೈಟ್‌ಮನ್, ರಾವ್ ಮೊವ್ವಾ, ಮೈಕೆಲ್ ಹಾಲ್ ಯೀಸ್ಟ್ ಕೋಶಗಳಿಗೆ ಅದನ್ನು ಉಣಿಸಿದರು. ಬಹುತೇಕ ಕೋಶಗಳು ಬೆಳೆಯದೆ ನಿಂತುಬಿಟ್ಟವು. ಕೆಲವು ಮಾತ್ರ ಏನೂ ಆಗದಂತೆ ಬೆಳೆಯುತ್ತಲೇ ಹೋದವು. ಹೀಗೆ ಬಗ್ಗದೆ ಉಳಿದ ಕೋಶಗಳಲ್ಲಿ ಯಾವ ಜೀನ್ ಬದಲಾಗಿದೆ ಎಂದು ಹುಡುಕಿ, 1991ರಲ್ಲಿ ಅದಕ್ಕೆ ಟಾರ್ ಎಂದು ಹೆಸರಿಟ್ಟರು. ರಾಪಾಮೈಸಿನ್ ಗುರಿಯಿಡುವ ಪ್ರೋಟೀನು ಎಂದು ಅದರ ಅರ್ಥ. 1994ರ ಹೊತ್ತಿಗೆ ನಮ್ಮ ಕೋಶಗಳಲ್ಲೂ ಅದು ಸಿಕ್ಕಿತು. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ: ರಾಪಾಮೈಸಿನ್ ತಗುಲಿದ ಯೀಸ್ಟ್, ಸುತ್ತ ಸಕ್ಕರೆ ತುಂಬಿದ್ದರೂ ಹಸಿದು ಕಂಗಾಲಾದ ಯೀಸ್ಟ್‌ನಂತೆಯೇ ವರ್ತಿಸುತ್ತಿತ್ತು. ಊಟ ಎದುರಿಗಿದ್ದೂ ಅದು ಕೋಶಕ್ಕೆ ತಿಳಿಯುತ್ತಿರಲಿಲ್ಲ. ಅಂದರೆ, ಟಾರ್‌ನ ಕೆಲಸ ಊಟದ ಸುದ್ದಿ ಮುಟ್ಟಿಸುವುದು.

ಮದುವೆ ಮನೆಗೆ ಬಂದ ಅಡಿಗೆ ಭಟ್ಟರು ಒಮ್ಮೆಗೇ ಒಲೆ ಹಚ್ಚುವುದಿಲ್ಲ. ಮೊದಲು ಉಗ್ರಾಣಕ್ಕೆ ಹೋಗಿ ಅಕ್ಕಿ, ಬೇಳೆ, ಬೆಲ್ಲ ಎಷ್ಟಿದೆ ನೋಡುತ್ತಾರೆ. ಕೋಶಕ್ಕೂ ಅಂಥದೊಂದು ಉಗ್ರಾಣವಿದೆ: ಲೈಸೋಸೋಮ್ ಎಂಬ ಪುಟ್ಟ ಚೀಲ. ಹಳೆಯ ಪ್ರೋಟೀನುಗಳು ಅದರೊಳಗೆ ಒಡೆದು ಅಮೈನೋ ಆಮ್ಲಗಳಾಗುತ್ತವೆ. ಅಮೈನೋ ಆಮ್ಲಗಳು ಸಾಕಷ್ಟಿದ್ದಾಗ ಟಾರ್ ಬಂದು ಈ ಚೀಲದ ಹೊರಮೈಗೆ ಅಂಟಿ ಕೂರುತ್ತದೆ, ಇಲ್ಲದಾಗ ಕಳಚಿಕೊಂಡು ದೂರ ಸರಿಯುತ್ತದೆ.

ಇದೆಯೋ ಇಲ್ಲವೋ ಎಂದು ತಿಳಿಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇಳೆ, ಹಾಲು, ಮೊಟ್ಟೆಯಿಂದ ನಮಗೆ ಲ್ಯೂಸಿನ್ ಎಂಬ ಅಮೈನೋ ಆಮ್ಲ ಸಿಗುತ್ತದೆ. ಕೋಶದಲ್ಲಿ ಸೆಸ್ಟ್ರಿನ್-2 ಎಂಬ ಪ್ರೋಟೀನಿದೆ. ಅದರ ಮೈಯಲ್ಲಿ ಲ್ಯೂಸಿನ್‌ಗೆ ಹೇಳಿ ಮಾಡಿಸಿದಂಥ ಒಂದು ಕುಳಿ. ಕುಳಿ ಖಾಲಿ ಇರುವಷ್ಟು ಹೊತ್ತು ಸೆಸ್ಟ್ರಿನ್ ಪಕ್ಕದ ಪ್ರೋಟೀನುಗಳನ್ನು ಬಿಗಿಹಿಡಿದು, ಟಾರ್ ಉಗ್ರಾಣಕ್ಕೆ ಬಾರದಂತೆ ನೋಡಿಕೊಳ್ಳುತ್ತದೆ. ಲ್ಯೂಸಿನ್ ಬಂದು ಕುಳಿಯಲ್ಲಿ ಕೂತಿತೋ, ಹಿಡಿತ ಸಡಿಲ. ಅರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲಕ್ಕೆ ಬೇರೆಯದೇ ಕಾವಲುಗಾರನಿದೆ.

ಬಂದು ಕೂತ ಮಾತ್ರಕ್ಕೆ ಟಾರ್ ಚುರುಕಾಗದು. ಬ್ಯಾಂಕಿನ ಲಾಕರಿಗೆ ನಮ್ಮ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು. ಇಲ್ಲಿ ಎರಡನೆಯ ಕೀಲಿ ಇನ್ಸುಲಿನ್‌ನಂಥ ಹಾರ್ಮೋನುಗಳದು. ಅಮೈನೋ ಆಮ್ಲ ಕೋಶದೊಳಗಿನ ಸುದ್ದಿಯಾದರೆ, ಇನ್ಸುಲಿನ್ ಇಡೀ ದೇಹ ಉಂಡಿದೆ ಎಂಬ ಸುದ್ದಿ. ಎರಡೂ ಕೂಡಿದಾಗ ರೈಬೋಸೋಮು ಎಂಬ ಪುಟ್ಟ ಯಂತ್ರಗಳಲ್ಲಿ ಪ್ರೋಟೀನು ಕಟ್ಟುವ ಕೆಲಸ ಬಿರುಸಾಗುತ್ತದೆ, ಕೋಶ ಹಿಗ್ಗುತ್ತದೆ. ಪ್ರೋಟೀನು ಕಟ್ಟುವುದು ಕೋಶದ ಅತಿ ದುಬಾರಿ ಕೆಲಸಗಳಲ್ಲೊಂದು. ಸಾಮಾನು ಇಲ್ಲದೆ ಕೈಹಾಕಿದರೆ ಕೋಶಕ್ಕೇ ಕುತ್ತು. ಇಷ್ಟು ಬಿಗಿ ಇರುವುದು ಅದಕ್ಕೇ.

ಟಾರ್ ಸುಮ್ಮನಾದಾಗ ಕೋಶ ಕೈಕಟ್ಟಿ ಕೂರುವುದಿಲ್ಲ. ತನ್ನದೇ ಹಳೆಯ, ಹಾಳಾದ ಭಾಗಗಳನ್ನು ಒಡೆದು ಬಳಸಿಕೊಳ್ಳುತ್ತದೆ. ಸ್ವಭಕ್ಷಣೆ ಎನ್ನುವ ಈ ಕ್ರಿಯೆಯನ್ನು ಬಿಡಿಸಿ ತೋರಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಎಷ್ಟೋ ಬಗೆಯ ಕ್ಯಾನ್ಸರ್‌ಗಳಲ್ಲಿ ಕೆಡುವುದು ಉಗ್ರಾಣ ನೋಡಿ ಬೆಳೆಯುವ ಈ ಲೆಕ್ಕಾಚಾರವೇ: ಟಾರ್ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಸುಮಾರು 600 ದಿನ ವಯಸ್ಸಾದ ಇಲಿಗಳಿಗೆ ಟಾರ್ ತಡೆಯುವ ರಾಪಾಮೈಸಿನ್ ಕೊಟ್ಟಾಗ ಅವುಗಳ ಆಯುಸ್ಸು ಹೆಚ್ಚಿದ್ದು 2009ರಲ್ಲಿ ವರದಿಯಾಯಿತು. ಅದನ್ನು ನಂಬಿ ಆರೋಗ್ಯವಂತರು ಮಾತ್ರೆ ನುಂಗಲು ಹೊರಡುವುದು ಅವಸರವೆಂದೇ ನನ್ನ ಅನಿಸಿಕೆ. ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದು.

ಆ ಗುಣದಿಂದಲೇ ಅದು ಮೊದಲು ಬಳಕೆಗೆ ಬಂತು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯಲು 1999ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಸೆಹಗಲ್ ಅದನ್ನು ಕಂಡರು. 2003ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಗ ಹೃದಯದ ರಕ್ತನಾಳಕ್ಕೆ ಹಾಕುವ ಎಷ್ಟೋ ಸ್ಟೆಂಟುಗಳಿಗೆ ಇದರ ತೆಳುವಾದ ಲೇಪವಿರುತ್ತದೆ, ನಾಳದ ಕೋಶಗಳು ಮತ್ತೆ ಬೆಳೆದು ದಾರಿ ಮುಚ್ಚದಿರಲಿ ಎಂದು. ನಮ್ಮೂರುಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡವರ ಡಿಸ್ಚಾರ್ಜ್ ಚೀಟಿಯಲ್ಲಿ 'ಸಿರೋಲಿಮಸ್' ಎಂಬ ಪದ ಕಂಡರೆ, ಅದು ಆ ಫ್ರೀಜರಿನ ಸೀಸೆಯ ರಾಪಾಮೈಸಿನ್‌ಗೇ ಇರುವ ಇನ್ನೊಂದು ಹೆಸರು.