ಜಠರದಲ್ಲಿ ನೆಲೆಸುವ ಸೂಕ್ಷ್ಮಾಣು: ಯಾರಿಗೆ, ಹೇಗೆ?

ಕಾಯಕಕ್ಕೆ ಕಾಯವೇ ಆಧಾರ. ಕಾಯಕ್ಕೆ ಅನ್ನವೇ ಆಧಾರ. ಆ ಅನ್ನವನ್ನು ಅರಗಿಸುವ ಜಠರದ ವಿಷಯದಲ್ಲಿ ಮಾತ್ರ ನಾವು ಉದಾಸೀನರಾಗಿದ್ದೇವೆ. ಹೊಟ್ಟೆಯಲ್ಲಿ ಉರಿ, ಹುಳಿತೇಗು, ಉಬ್ಬರ ಕಾಣಿಸಿಕೊಂಡರೆ ‘ಪಿತ್ತ ಕೆರಳಿದೆ’ ಎಂದುಕೊಂಡು ಅಂಗಡಿಯ ಮಾತ್ರೆಯೊಂದನ್ನು ನುಂಗಿ ಸುಮ್ಮನಾಗುತ್ತೇವೆ.

ಜಠರದ ತೀಕ್ಷ್ಣ ಆಮ್ಲದಲ್ಲಿ ಯಾವ ಜೀವಾಣುವೂ ಬಾಳಲಾರದು, ಹುಣ್ಣಿಗೆ ಚಿಂತೆ ಮತ್ತು ಖಾರವೇ ಕಾರಣವೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರು ರೋಗಿಗಳ ಜಠರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿ ಬೆಳೆಸಿದರು. ಅನೇಕರು ಅವರ ಮಾತನ್ನು ಒಪ್ಪದಿದ್ದಾಗ, 1984ರಲ್ಲಿ ಮಾರ್ಷಲ್ ಅವರು ಆ ಸೂಕ್ಷ್ಮಾಣುಗಳಿದ್ದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಸೂಕ್ಷ್ಮಾಣು ತನ್ನ ಸುತ್ತ ಅಮೋನಿಯವನ್ನು ಉತ್ಪಾದಿಸಿ ಆಮ್ಲವನ್ನು ಶಮನಗೊಳಿಸುತ್ತದೆ. ಜಠರದ ಲೋಳೆಪದರದೊಳಗೆ ಹೊಕ್ಕು ವರ್ಷಾನುಗಟ್ಟಲೆ ನೆಲೆಸುತ್ತದೆ.

ಇದು ಎಷ್ಟು ವ್ಯಾಪಕ? ಜಗತ್ತಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಜಠರದಲ್ಲಿ ಇದು ಇದೆಯೆಂದು ಅಂದಾಜು. ನಮ್ಮ ದೇಶದಲ್ಲಂತೂ ಇದು ಬಹು ಸಾಮಾನ್ಯ. ಸೋಂಕು ತಗಲುವುದು ಹೆಚ್ಚಾಗಿ ಬಾಲ್ಯದಲ್ಲಿ, ಅದೂ ಮನೆಯವರಿಂದಲೇ. ಇಕ್ಕಟ್ಟಾದ ವಾಸ, ಅಶುದ್ಧ ನೀರು, ಶೌಚ ವ್ಯವಸ್ಥೆಯ ಕೊರತೆ ಇರುವಲ್ಲಿ ಇದರ ಹಾವಳಿ ಅಧಿಕ. ಸ್ತ್ರೀ-ಪುರುಷ, ಜಾತಿ-ಕುಲಗಳ ಭೇದ ಇದಕ್ಕಿಲ್ಲ. ಆದ್ದರಿಂದ ಸೋಂಕಿತರನ್ನು ಹೀನವಾಗಿ ಕಾಣುವುದಾಗಲಿ, ಪಂಕ್ತಿಯಿಂದ ದೂರವಿರಿಸುವುದಾಗಲಿ ಸಲ್ಲದು.

ಸೋಂಕಿದ್ದವರೆಲ್ಲರೂ ರೋಗಿಗಳಲ್ಲ. ಬಹುಪಾಲು ಜನರಿಗೆ ಯಾವ ಬಾಧೆಯೂ ತಿಳಿಯದು. ಸುಮಾರು ನೂರರಲ್ಲಿ ಹತ್ತು ಮಂದಿಗೆ ಹುಣ್ಣಾಗಬಹುದು; ಒಬ್ಬಿಬ್ಬರಿಗೆ ಜಠರದ ಕ್ಯಾನ್ಸರ್ ತಗಲಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿಯೇ ಇದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿದೆ. ಹುಣ್ಣಿಗೆ ಈ ಸೂಕ್ಷ್ಮಾಣುವೊಂದೇ ಕಾರಣವಲ್ಲ. ಮೈಕೈ ನೋವಿನ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವುದೂ ಇನ್ನೊಂದು ಮುಖ್ಯ ಕಾರಣ.

ಉಸಿರಿನ ಪರೀಕ್ಷೆ, ಮಲಪರೀಕ್ಷೆ ಅಥವಾ ಎಂಡೋಸ್ಕೋಪಿಯಿಂದ ಸೋಂಕನ್ನು ಪತ್ತೆಹಚ್ಚಬಹುದು. ಚಿಕಿತ್ಸೆಯೆಂದರೆ ಆಮ್ಲ ತಗ್ಗಿಸುವ ಔಷಧದೊಡನೆ ಎರಡು ಅಥವಾ ಹೆಚ್ಚು ಜೀವನಿರೋಧಕಗಳು, ಸಾಮಾನ್ಯವಾಗಿ 14 ದಿನ. ಉರಿ ಶಮನವಾಯಿತೆಂದು ನಡುವೆ ನಿಲ್ಲಿಸಿದರೆ ಸೂಕ್ಷ್ಮಾಣು ಔಷಧಕ್ಕೆ ಮಣಿಯದಷ್ಟು ಬಲಿಯಬಹುದು. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ಬಳಿಕ ಮರುಪರೀಕ್ಷೆ ಮಾಡಿಸಿ, ಸೋಂಕು ನಿರ್ಮೂಲವಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ವೈದ್ಯರನ್ನು ಕಾಣಬೇಕು.

ತಡೆಯುವ ದಾರಿ ನಮ್ಮ ಕೈಯಲ್ಲಿಯೇ ಇದೆ. ಶೌಚದ ನಂತರ, ಅಡುಗೆಗೆ ಮತ್ತು ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯೋಣ. ಕುದಿಸಿದ ಅಥವಾ ಶುದ್ಧೀಕರಿಸಿದ ನೀರನ್ನೇ ಕುಡಿಯೋಣ. ತುತ್ತನ್ನು ತಾನು ಅಗಿದು ಕೂಸಿಗೆ ಉಣಿಸುವ ರೂಢಿ ಪ್ರೀತಿಯಿಂದ ಬಂದುದೇ ಆದರೂ ಅದನ್ನು ಬಿಡೋಣ. ದಾಸೋಹದಲ್ಲಿ ಬಡಿಸುವ ಕೈ, ಪ್ರಸಾದನಿಲಯದ ಮಕ್ಕಳು ಕುಡಿಯುವ ನೀರು ಎರಡೂ ಶುದ್ಧವಾಗಿರಲಿ. ಅನ್ನ ನೀಡುವವರ ಹೊಣೆ ಅನ್ನ ನೀಡಿದಲ್ಲಿಗೆ ಮುಗಿಯುವುದಿಲ್ಲ. ಅದು ಉಂಡವರ ಆರೋಗ್ಯದವರೆಗೂ ಸಾಗುತ್ತದೆ.