ನ್ಯಾಯಪೀಠ ಮತ್ತು ಗುರುಪೀಠ

ನ್ಯಾಯಾಧೀಶನಾದವನು ಅಂತಃಸಾಕ್ಷಿಗೆ ತಲೆಬಾಗಬೇಕೆ, ಶಾಸನಕ್ಕೆ ತಲೆಬಾಗಬೇಕೆ? ಅಮೆರಿಕದ ಜೋಸೆಫ್ ಸ್ಟೋರಿಯನ್ನು ಒರೆಗೆ ಹಚ್ಚಿದ ಪ್ರಶ್ನೆಯಿದು.

1779ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಬಲ್‌ಹೆಡ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದ ಈತ, 1811ರಲ್ಲಿ, ತನ್ನ 32ನೆಯ ವಯಸ್ಸಿನಲ್ಲಿಯೇ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ ನೇಮಕಗೊಂಡ. ಇಷ್ಟು ಕಿರಿಯರಾಗಿ ಆ ಪದವಿಗೇರಿದವರು ಇಂದಿಗೂ ಮತ್ತೊಬ್ಬರಿಲ್ಲ. 1829ರಲ್ಲಿ ಹಾರ್ವರ್ಡಿನ ನ್ಯಾಯಶಾಸ್ತ್ರ ಶಾಲೆ ವಿದ್ಯಾರ್ಥಿಗಳಿಲ್ಲದೆ ಸೊರಗಿದ್ದಾಗ, ನ್ಯಾಯಮೂರ್ತಿಯ ಹೊಣೆಯೊಡನೆ ಅಲ್ಲಿನ ಪ್ರಾಧ್ಯಾಪಕತ್ವವನ್ನೂ ವಹಿಸಿಕೊಂಡ. 1833ರಲ್ಲಿ ಸಂವಿಧಾನವನ್ನು ಕುರಿತ ಆತನ ಭಾಷ್ಯ ಮೂರು ಸಂಪುಟಗಳಲ್ಲಿ ಹೊರಬಂದಿತು. ಬರಿದಾಗಿದ್ದ ಶಾಲೆಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ನೂರನ್ನು ಮೀರಿತು.

ಗುಲಾಮಗಿರಿ ಸ್ಟೋರಿಗೆ ಅಸಹ್ಯವಾಗಿತ್ತು. ಅಮಿಸ್ಟಾಡ್ ಎಂಬ ಸ್ಪೇನಿನ ಹಡಗಿನಲ್ಲಿ ದಂಗೆಯೆದ್ದು, ಅಮೆರಿಕದಲ್ಲಿ ಸೆರೆಯಾಗಿದ್ದ ಆಫ್ರಿಕನ್ನರ ಮೊಕದ್ದಮೆಯಲ್ಲಿ 1841ರಲ್ಲಿ ಆತ ತೀರ್ಪಿತ್ತ: ಇವರು ಅಪಹೃತರು, ಯಾರ ಸ್ವತ್ತೂ ಅಲ್ಲ, ಸ್ವತಂತ್ರರು. ಬದುಕುಳಿದ 35 ಮಂದಿ ತಾಯ್ನಾಡಿಗೆ ಮರಳಿದರು.

ಮರುವರ್ಷವೇ ಅಗ್ನಿಪರೀಕ್ಷೆ ಒದಗಿತು. ಪೆನ್ಸಿಲ್ವೇನಿಯದಲ್ಲಿ ನೆಲೆಸಿದ್ದ ಮಾರ್ಗರೆಟ್ ಮಾರ್ಗನ್ ಎಂಬಾಕೆಯನ್ನೂ ಆಕೆಯ ಮಕ್ಕಳನ್ನೂ ಗುಲಾಮರೆಂದು ಎಳೆದೊಯ್ದಿದ್ದ ಎಡ್ವರ್ಡ್ ಪ್ರಿಗ್‌ನಿಗೆ ವಿಧಿಸಿದ್ದ ಶಿಕ್ಷೆಯನ್ನು ಸ್ಟೋರಿಯ ತೀರ್ಪು ರದ್ದುಗೊಳಿಸಿತು. ತಪ್ಪಿಸಿಕೊಂಡ ಗುಲಾಮನನ್ನು ಒಡೆಯನಿಗೊಪ್ಪಿಸಬೇಕೆಂದು ಸಂವಿಧಾನವೇ ವಿಧಿಸಿತ್ತು. ಆದರೆ ಆ ಕಾರ್ಯಕ್ಕೆ ರಾಜ್ಯಗಳ ಅಧಿಕಾರಿಗಳನ್ನು ಬಲವಂತಪಡಿಸಲಾಗದೆಂಬ ಮಾತನ್ನೂ ಆತ ಸೇರಿಸಿದ. ಉತ್ತರದ ಹಲವು ರಾಜ್ಯಗಳು ಅದನ್ನೇ ಆಧಾರವಾಗಿ ಹಿಡಿದು ನೆರವು ನಿರಾಕರಿಸಿದವು. ಮಾರ್ಗರೆಟ್‌ಗೆ ಮಾತ್ರ ಆ ತೀರ್ಪಿನಿಂದ ಬಿಡುಗಡೆ ದೊರೆಯಲಿಲ್ಲ.

ಮೂಲ ಶಾಸನದಲ್ಲಿಯೇ ಕಳಂಕವಿದ್ದರೆ ಎಂಥ ಪಂಡಿತನ ತಕ್ಕಡಿಯೂ ಸಮನಾಗಿ ನಿಲ್ಲದು. ಆ ಕಳಂಕವನ್ನು ತೊಳೆದದ್ದು 1865ರ ಸಂವಿಧಾನ ತಿದ್ದುಪಡಿ. ಅದನ್ನು ಕಾಣಲು ಸ್ಟೋರಿ ಇರಲಿಲ್ಲ. 1845ರಲ್ಲಿಯೇ ಆತ ಕಣ್ಮುಚ್ಚಿದ್ದ.