ನೋವಿಲ್ಲದ ಹಲ್ಲು, ಇಳಿಯದ ಶುಗರ್

ಹುಳುಕು ಹಲ್ಲಿಗೆ ಲವಂಗ ಒತ್ತಿದ್ರಿ, ನಾಲ್ಕು ದಿನಕ್ಕೆ ನೋವು ಮಾಯ. ವಾಸಿಯಾಯ್ತು ಅಂದ್ಕೊಂಡ್ರಾ? ಎಷ್ಟೋ ಸಲ ಒಳಗಿನ ನರ ಸತ್ತಿರುತ್ತೆ, ಅಷ್ಟೇ. ಬೇರಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಅಲ್ಲಿಂದ ಸೋಂಕು ದವಡೆಯ ಎಲುಬಿಗೆ ಇಳಿಯುತ್ತೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆಯಾಗಿ ಕಾಣೋದು ಅದೇ.

ಆ ಸೋಂಕಿನಿಂದಾದ ಉರಿಯೂತದ ಅಂಶ ರಕ್ತಕ್ಕೆ ಸೇರಿದ್ರೆ ಇನ್ಸುಲಿನ್ ಕೆಲಸಕ್ಕೆ ಅಡ್ಡಿ. ಶುಗರ್ ಏರಿದ್ರೆ ಹಲ್ಲಿನ ಸೋಂಕೂ ಬೇಗ ಮಾಯಲ್ಲ.

ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಇಂಥ ಹಲ್ಲಿಗೆ ರೂಟ್ ಕೆನಾಲ್ (ಬೇರಿನೊಳಗಿನ ಸೋಂಕು ತೆಗೆಯೋ ಚಿಕಿತ್ಸೆ) ಮಾಡಿಸಿಕೊಂಡ 65 ಜನರ ರಕ್ತವನ್ನು 2 ವರ್ಷ ಪರೀಕ್ಷಿಸಿದ್ರು: ಗ್ಲೂಕೋಸ್ ಇಳಿದಿತ್ತು. ಸಣ್ಣ ಅಧ್ಯಯನ; ಮಾತ್ರೆ ಬಿಡೋಕೆ ನೆಪ ಅಲ್ಲ ಮತ್ತೆ!

ಜೋಯಿಡಾದ ಹಳ್ಳಿಯಿಂದ ಹಲ್ಲಿನ ಡಾಕ್ಟರ್ ಹತ್ರ ಹೋದ್ರೆ ಒಂದು ದಿನದ ಕೂಲಿ ಹೋದಂಗೇ, ಗೊತ್ತು. ದಾಂಡೇಲಿಗೋ ಹಳಿಯಾಳಕ್ಕೋ ಮುಂಡಗೋಡಕ್ಕೋ ಶುಗರ್ ತೋರಿಸೋಕೆ ಹೋದ ದಿನವೇ ಬಾಯಿ ತೆರೆದು ಆ ಹಲ್ಲನ್ನೂ ತೋರಿಸಿ.